ಬಾಡಿಗೆ ಕಟ್ಟಿದ ಕೇರಿ: ನೂರು ವರ್ಷದ ಹಿಂದಿನ ಲೋವರ್ ಈಸ್ಟ್ ಸೈಡ್

ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನ ಹಳೇ ಫೋಟೋಗಳನ್ನು ಎಲ್ಲೋ ಒಂದು ಕಡೆ ನೀವು ನೋಡಿರುತ್ತೀರಿ. ಬೀದಿ ತುಂಬ ತಳ್ಳುಗಾಡಿಗಳು, ಹಿತ್ತಲ ಕಡೆ ಅಂತಸ್ತು ಅಂತಸ್ತಿಗೂ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ, ಒಂದೇ ಕೋಣೆಯಲ್ಲಿ ಕೂತು ಹೊಲಿಗೆ ಹಾಕುತ್ತಿರುವ ಏಳೆಂಟು ಜನ. ನೋಡಿದ ತಕ್ಷಣ ‘ಅಯ್ಯೋ, ಎಂಥ ಬಡತನ’ ಅನ್ನಿಸುತ್ತದೆ. ಬಡತನ ಇದ್ದದ್ದು ನಿಜ. ಆದರೆ ಅಷ್ಟು ಹೇಳಿ ಸುಮ್ಮನಾದರೆ ಆ ಬದುಕು ಅರ್ಥವಾಗುವುದಿಲ್ಲ. ಮನೆಯೊಳಗೇ ಯಾಕೆ ಕಾರ್ಖಾನೆ ನಡೆಯುತ್ತಿತ್ತು? ಕಾಲು ಚಾಚಲೂ ಜಾಗವಿಲ್ಲದ ಮನೆಯಲ್ಲಿ ಹೊರಗಿನ ಗಂಡಸರನ್ನು ಯಾಕೆ ಮಲಗಿಸಿಕೊಳ್ಳುತ್ತಿದ್ದರು? ಮಾಂಸದ ಬೆಲೆ ಏರಿತು ಅಂತ ಗೃಹಿಣಿಯರು ಯಾಕೆ ಬೀದಿಗಿಳಿದು ಅಂಗಡಿಗಳಿಗೆ ನುಗ್ಗಿದರು? ಬಿಡಿಬಿಡಿಯಾಗಿ ನೋಡಿದರೆ ಇವು ಬೇರೆ ಬೇರೆ ಕಥೆಗಳು. ಬಾಡಿಗೆಯ ಎಳೆ ಹಿಡಿದು ಹೊರಟರೆ ಎಲ್ಲವೂ ಒಂದಕ್ಕೊಂದು ಸೇರಿಕೊಳ್ಳುತ್ತವೆ.

ಮೊದಲು ಜನ ಯಾರು ಅಂತ ನೋಡೋಣ. 1910ರಲ್ಲಿ ನ್ಯೂಯಾರ್ಕ್ ನಗರದ ಪ್ರತಿ ಹತ್ತು ಜನರಲ್ಲಿ ನಾಲ್ವರು ಬೇರೆ ದೇಶದಲ್ಲಿ ಹುಟ್ಟಿದವರು. ಮ್ಯಾನ್‌ಹಟ್ಟನ್ ದ್ವೀಪದ ಕೆಳತುದಿಯ ಪೂರ್ವ ಭಾಗವಾದ ಲೋವರ್ ಈಸ್ಟ್ ಸೈಡ್ ಒಂದರಲ್ಲೇ ಐದು ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಹೆಚ್ಚಿನವರು ಪೂರ್ವ ಯುರೋಪಿನ ಯಹೂದಿಗಳು. ರಷ್ಯಾದಲ್ಲಿ 1881ರಿಂದ ಯಹೂದಿಗಳ ಮೇಲೆ ಗುಂಪು ದಾಳಿಗಳು ಶುರುವಾದವು, ಜೊತೆಗೆ ಕಾನೂನುಗಳೂ ಬಿಗಿಯಾದವು. ಅಲ್ಲಿಂದ ಮೊದಲ ಮಹಾಯುದ್ಧದವರೆಗೆ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದರು. ಪಕ್ಕದಲ್ಲೇ, ಮಲ್ಬೆರಿ ಬೀದಿಯ ಸುತ್ತ, ದಕ್ಷಿಣ ಇಟಲಿಯ ರೈತರು ಮತ್ತು ಕೂಲಿಕಾರರು. ಮಾಟ್ ಮತ್ತು ಪೆಲ್ ಬೀದಿಗಳಲ್ಲಿ ಚೀನಿಯರು. ಇವರೆಲ್ಲರಿಗಿಂತ ಮುಂಚೆ ಬಂದ ಜರ್ಮನ್ನರು, ಐರಿಷರು ಅಷ್ಟು ಹೊತ್ತಿಗೆ ಒಂದು ಮೆಟ್ಟಿಲು ಮೇಲೆ ಹತ್ತಿ ಬೇರೆ ಬಡಾವಣೆಗಳಿಗೆ ಹೋಗುತ್ತಿದ್ದರು.

ಹಡಗಿನ ಕೆಳದರ್ಜೆಯಲ್ಲಿ ಬಂದವರೆಲ್ಲ ಎಲ್ಲಿಸ್ ಐಲ್ಯಾಂಡ್ ದಾಟಬೇಕಿತ್ತು. 1892ರ ಜನವರಿ 1ರಂದು ತೆರೆದ ತಪಾಸಣಾ ಕೇಂದ್ರ ಅದು. 1907ರ ಒಂದೇ ವರ್ಷ ಅಲ್ಲಿ ಹತ್ತು ಲಕ್ಷ ಜನ ಇಳಿದರು. ಮೆಟ್ಟಿಲು ಹತ್ತುವಾಗಲೇ ವೈದ್ಯರು ನಿಂತು ನೋಡುತ್ತಿದ್ದರು. ಯಾರಾದರೂ ಕುಂಟಿದರೆ, ಏದುಸಿರು ಬಿಟ್ಟರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ ಬರೆಯುತ್ತಿದ್ದರು. ಟ್ರಕೋಮ ಎಂಬ ಅಂಟು ಕಣ್ಣುರೋಗ ಇದೆಯಾ ಅಂತ ನೋಡಲು, ಶೂ ಗುಂಡಿ ಹಾಕುವ ಕೊಕ್ಕೆಯಿಂದ ರೆಪ್ಪೆ ಮಗುಚುತ್ತಿದ್ದರು. ಹೆದರಿಕೆ ಹುಟ್ಟಿಸುವ ಜಾಗ ಹೌದು, ಆದರೆ ವಾಪಸ್ ಕಳಿಸಿದ್ದು ನೂರಕ್ಕೆ ಇಬ್ಬರನ್ನು ಮಾತ್ರ. ಅಲ್ಲಿನ ಗುಮಾಸ್ತರು ಜನರ ಹೆಸರನ್ನೇ ಬದಲಿಸಿಬಿಟ್ಟರು ಎಂಬ ಮಾತನ್ನು ತುಂಬ ಮಂದಿ ಹೇಳುತ್ತಾರೆ. ಅದು ಸರಿಯಲ್ಲ. ಹಡಗು ಹೊರಡುವಾಗಲೇ ಬರೆದ ಪಟ್ಟಿ ಅವರ ಕೈಯಲ್ಲಿರುತ್ತಿತ್ತು, ಅದನ್ನು ಓದಿ ತಾಳೆ ನೋಡುವುದಷ್ಟೇ ಅವರ ಕೆಲಸ. ಹೆಸರು ಬದಲಿಸಿಕೊಂಡವರು ಹೆಚ್ಚಾಗಿ ಆಮೇಲೆ ತಾವೇ ಬದಲಿಸಿಕೊಂಡರು.

ದೋಣಿ ಇಳಿದು ಊರೊಳಗೆ ಬಂದವರ ಕೈಯಲ್ಲಿ ಒಂದು ವಿಳಾಸದ ಚೀಟಿ. ಭಾವನದೋ, ಅಣ್ಣನದೋ, ಊರಿನವರದೋ. ಆ ವಿಳಾಸ ಒಂದು ಟೆನೆಮೆಂಟ್‌ನದ್ದಾಗಿರುತ್ತಿತ್ತು. ಎತ್ತರಕ್ಕೆ ಕಟ್ಟಿದ ವಠಾರ ಅಂದುಕೊಳ್ಳಿ.

ಈ ವಠಾರದ ಆಕಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದಿನದ್ದೆಲ್ಲ ನಿಂತಿರುವುದು ಇದರ ಮೇಲೆ. ನಮ್ಮಲ್ಲಿ ಮೂವತ್ತು-ನಲವತ್ತರ ಸೈಟ್ ಅಂತೀವಲ್ಲ, ಹಾಗೆ ನ್ಯೂಯಾರ್ಕಿನ ಸೈಟ್ ಅಂದರೆ 25 ಅಡಿ ಅಗಲ, 100 ಅಡಿ ಉದ್ದ. ಒಂದು ಕುಟುಂಬದ ಮನೆಗೆ ಅಂತ ಅಳೆದ ಜಾಗ ಅದು. ಜನ ತುಂಬಿ ಜಾಗದ ಬೆಲೆ ಏರಿದಾಗ ಮಾಲೀಕರು ಅದೇ ಸೈಟಿನಲ್ಲಿ ಐದು-ಆರು ಮಹಡಿ ಎತ್ತಿದರು. ಮಹಡಿಗೆ ನಾಲ್ಕು ಮನೆ. ಎಡಬಲದಲ್ಲಿ ಪಕ್ಕದ ಕಟ್ಟಡದ ಗೋಡೆ ಅಂಟಿಕೊಂಡಿರುವುದರಿಂದ ಕಿಟಕಿ ಇಡಲು ಸಿಗುವುದು ಮುಂದಿನ ಬೀದಿ ಮತ್ತು ಹಿಂದಿನ ಅಂಗಳ ಮಾತ್ರ. ನಡುವಿನ ಕೋಣೆಗಳಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ.

ಆರ್ಚರ್ಡ್ ಬೀದಿಯ 97ನೇ ನಂಬರಿನ ಕಟ್ಟಡ ಇಂದಿಗೂ ಉಳಿದಿದೆ, ಈಗ ಅದು ವಸ್ತುಸಂಗ್ರಹಾಲಯ. 1863ರಲ್ಲಿ ಅದನ್ನು ಕಟ್ಟಿಸಿದವನು ಲೂಕಸ್ ಗ್ಲಾಕ್ನರ್ ಎಂಬ ಜರ್ಮನ್ ದರ್ಜಿ, ಅವನೂ ವಲಸೆ ಬಂದವನೇ. ಅಲ್ಲಿ ಒಂದು ಮನೆಯ ಅಳತೆ ಸುಮಾರು 325 ಚದರ ಅಡಿ. ಅಷ್ಟರಲ್ಲೇ ಮೂರು ಕೋಣೆ: ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಒಳಗೆ ಮಂಚ ಹಾಕಿದರೆ ಓಡಾಡಲು ಜಾಗವಿಲ್ಲದ ಮಲಗುವ ಕೋಣೆ. ನೇರ ಬೆಳಕು ಬೀಳುವುದು ಮುಂದಿನ ಕೋಣೆಗೆ ಮಾತ್ರ. ಪಾಯಿಖಾನೆ ಮೊದಲಿಗೆ ಹಿತ್ತಲಲ್ಲಿತ್ತು, ಅಂದರೆ ಐದನೇ ಮಹಡಿಯವರು ರಾತ್ರಿ ಹೊತ್ತಲ್ಲೂ ಕತ್ತಲೆ ಮೆಟ್ಟಿಲು ಇಳಿದು ಹೋಗಬೇಕು. 1863ರಿಂದ 1935ರವರೆಗೆ ಈ ಒಂದು ಕಟ್ಟಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಿಂದ ಬಂದ ಸುಮಾರು 7,000 ಜನ ಬಾಳಿದರು.

ಕಾನೂನು ಬಂತು, ಆದರೆ ಹಿಂದೆ ಹಿಂದೆ ಬಂತು. ಪ್ರತಿ ಕೋಣೆಗೂ ಹೊರಗಿನ ಗಾಳಿಗೆ ತೆರೆಯುವ ಕಿಟಕಿ ಬೇಕು ಅಂತ 1879ರಲ್ಲಿ ವಿಧಿಸಿದರು. ಮಾಲೀಕರು ಅದಕ್ಕೊಂದು ಉಪಾಯ ಹುಡುಕಿದರು. ಕಟ್ಟಡದ ಸೊಂಟವನ್ನು ಎರಡೂ ಕಡೆ ಸ್ವಲ್ಪ ಕಿರಿದು ಮಾಡಿ, ಪಕ್ಕದ ಕಟ್ಟಡದ ಜೊತೆ ಸೇರಿ ಐದಡಿಯೂ ಇಲ್ಲದ ಒಂದು ಸಂದು ಬಿಟ್ಟರು. ಒಳಕೋಣೆಗಳ ಕಿಟಕಿ ಈ ಸಂದಿಗೆ ತೆರೆಯುತ್ತಿತ್ತು. ಲೆಕ್ಕಕ್ಕೆ ಕಿಟಕಿ ಇತ್ತು, ಬೆಳಕು ಮೇಲಿನ ಮಹಡಿ ಬಿಟ್ಟರೆ ಕೆಳಗೆ ಇಳಿಯುತ್ತಿರಲಿಲ್ಲ. ಕಸ ಹಾಕುವುದೂ ಅದೇ ಸಂದಿಗೆ. ಒಂದು ಮನೆಯ ಜಗಳ ಹತ್ತು ಮನೆಗೆ ಕೇಳುತ್ತಿತ್ತು. ಬೆಂಕಿ ಬಿದ್ದರೆ ಅದೇ ಸಂದು ಚಿಮಣಿಯಾಗಿ ಬೆಂಕಿಯನ್ನು ಮೇಲಕ್ಕೆ ಎಳೆಯುತ್ತಿತ್ತು. ಒಳ್ಳೆಯ ಉದ್ದೇಶದ ಕಾನೂನನ್ನು ಅಕ್ಷರಕ್ಕೆ ಪಾಲಿಸಿ, ಅರ್ಥಕ್ಕೆ ಮುರಿಯುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1901ರ ಕಾನೂನು ಬಂದ ಮೇಲೆ ಇಂಥ ಕಟ್ಟಡ ಕಟ್ಟುವುದು ನಿಂತಿತು. ಹೊಸ ಕಟ್ಟಡದ ಪ್ರತಿ ಮನೆಗೂ ನಲ್ಲಿ, ಶೌಚಾಲಯ ಕಡ್ಡಾಯವಾಯಿತು. ಆದರೆ ಕಟ್ಟಿ ಆಗಿದ್ದ ಸಾವಿರಾರು ಹಳೇ ವಠಾರಗಳು ಉಳಿದುಕೊಂಡವು, ಜನ ಅದರಲ್ಲೇ ಇದ್ದರು.

ಇಷ್ಟು ಕಷ್ಟವಿದ್ದರೆ ದೂರದಲ್ಲಿ ಅಗ್ಗದ ಮನೆ ನೋಡಿಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಆಗುತ್ತಿರಲಿಲ್ಲ. ಹೊಲಿಗೆ ಕೆಲಸ ಸಿಗುತ್ತಿದ್ದದ್ದು ಇದೇ ಬೀದಿಗಳಲ್ಲಿ. ಇವತ್ತು ಇದ್ದ ಕೆಲಸ ನಾಳೆ ಇರುತ್ತದೆ ಅನ್ನುವ ಭರವಸೆ ಇಲ್ಲದ ಕಾರಣ, ನಡೆದು ಹೋಗಿ ಕೇಳುವಷ್ಟು ಹತ್ತಿರದಲ್ಲಿ ಇರಬೇಕಿತ್ತು. ಧರ್ಮದ ನಿಯಮದಂತೆ ಕೊಯ್ದ ಮಾಂಸ, ಪ್ರಾರ್ಥನಾ ಮಂದಿರ, ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಮಾತಾಡುವ ಡಾಕ್ಟರು, ಸಾಲ ಕೊಡುವ ಅಂಗಡಿಯವನು, ಎಲ್ಲರೂ ಇಲ್ಲೇ. ಇದು ಮಾಲೀಕರಿಗೂ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಕಟ್ಟಡಗಳನ್ನು ನಿಜವಾದ ಮಾಲೀಕ ನೋಡಿಕೊಳ್ಳುತ್ತಲೇ ಇರಲಿಲ್ಲ. ಇಡೀ ಕಟ್ಟಡವನ್ನು ಮಧ್ಯವರ್ತಿಯೊಬ್ಬನಿಗೆ ಗುತ್ತಿಗೆಗೆ ಕೊಟ್ಟುಬಿಡುತ್ತಿದ್ದ. ಅವನೂ ಸಾಮಾನ್ಯವಾಗಿ ಅದೇ ಭಾಷೆಯ ವಲಸಿಗ. ಮಾಲೀಕನಿಗೆ ಕಟ್ಟಬೇಕಾದ್ದನ್ನು ಕಟ್ಟಿ, ತನ್ನ ಲಾಭ ಉಳಿಯಬೇಕಾದರೆ ಅವನಿಗಿದ್ದ ದಾರಿ ಒಂದೇ, ಬಾಡಿಗೆ ಏರಿಸುವುದು. ಈಸ್ಟ್ ನದಿಗೆ ಸೇತುವೆ ಕಟ್ಟಲು, ಶಾಲೆ ಮತ್ತು ಪಾರ್ಕು ಮಾಡಲು ನಗರದವರೇ ಬೀದಿ ಬೀದಿಯ ವಠಾರಗಳನ್ನು ಕೆಡವಿದಾಗ ಉಳಿದ ಮನೆಗಳ ಬಾಡಿಗೆ ಇನ್ನೂ ಮೇಲಕ್ಕೆ ಹೋಯಿತು.

ನನ್ನ ಪ್ರಕಾರ ಈ ಕೇರಿಯ ಬದುಕಿನ ಬೀಗದ ಕೈ ಇರುವುದು ಇಲ್ಲಿ. ಬಾಡಿಗೆ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. ದುಡಿಮೆ ಸೀಸನ್ ನೋಡಿಕೊಂಡು ಬರುತ್ತಿತ್ತು. ಬಟ್ಟೆ ವ್ಯಾಪಾರಕ್ಕೆ ವರ್ಷದಲ್ಲಿ ಎರಡು ಭರಾಟೆ, ಎರಡು ಖಾಲಿ ಕಾಲ. ಭರಾಟೆಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಕೆಲಸ. ಖಾಲಿ ಕಾಲದಲ್ಲಿ ವಾರಗಟ್ಟಲೆ ಕೈ ಖಾಲಿ. ಈ ಎರಡರ ನಡುವಿನ ಕಂದಕ ತುಂಬಿಸಲು ಮನೆಯಲ್ಲಿದ್ದ ಪ್ರತಿಯೊಬ್ಬರೂ, ಇದ್ದ ಪ್ರತಿ ಅಡಿ ಜಾಗವೂ ದುಡಿಯಬೇಕಾಯಿತು.

ಮೊದಲ ದಾರಿ ಬೋರ್ಡರ್. ಮದುವೆಯಾಗದ ಹುಡುಗ, ಅಥವಾ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸು. ಅವನಿಗೆ ಮಲಗಲು ಜಾಗ, ಬೆಳಗ್ಗೆ ಕಾಫಿ, ಕೆಲವೊಮ್ಮೆ ಊಟ, ಬಟ್ಟೆ ಒಗೆತ. ಪಡಸಾಲೆಯಲ್ಲಿ ಮಡಚುವ ಮಂಚ, ಅದಿಲ್ಲದಿದ್ದರೆ ಎರಡು ಕುರ್ಚಿಯ ಮೇಲೆ ಹಲಗೆ. ಅವನು ಕೊಡುವ ದುಡ್ಡು ಬಾಡಿಗೆಗೆ ಜಮೆ. ಇದೆಲ್ಲ ಮನೆಯೊಡತಿಯ ಕೆಲಸ. ಕಲ್ಲಿದ್ದಲು ಹೊತ್ತು, ನೀರು ಕಾಯಿಸಿ, ನಾಲ್ಕು ಜನರ ಬದಲು ಏಳು ಜನರಿಗೆ ಬೇಯಿಸಿ, ಅವರ ಅಂಗಿ ಒಗೆದು ಅವಳು ಸಂಪಾದಿಸಿದ್ದು ಇದು. ಜನಗಣತಿಯ ಪುಸ್ತಕದಲ್ಲಿ ಮಾತ್ರ ಇಂಥ ಹೆಂಗಸರ ಎದುರು ಸಾಮಾನ್ಯವಾಗಿ ‘ಉದ್ಯೋಗ ಇಲ್ಲ’ ಅಂತಲೇ ಇರುತ್ತದೆ. ಅದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಎರಡನೇ ದಾರಿ ಮನೆಯೊಳಗಿನ ಕಾರ್ಖಾನೆ. ಬಟ್ಟೆ ಕಂಪನಿಯವರು ತುಂಡು ಕತ್ತರಿಸಿ ಗುತ್ತಿಗೆದಾರನಿಗೆ ಕೊಡುತ್ತಿದ್ದರು. ಒಂದು ಕೋಟು ಹೊಲಿದರೆ ಇಷ್ಟು ಅಂತ ದರ ನಿಗದಿ. ಗುತ್ತಿಗೆದಾರರು ಒಬ್ಬರಿಗಿಂತ ಒಬ್ಬರು ಕಡಿಮೆ ದರಕ್ಕೆ ಕೆಲಸ ಹಿಡಿಯುತ್ತಿದ್ದರು. ಕಡಿಮೆ ದರದಲ್ಲೂ ಲಾಭ ಬರಬೇಕಾದರೆ ಎಲ್ಲಿ ಹಿಂಡುವುದು? ಕೆಲಸಗಾರನ ಕೂಲಿಯಲ್ಲಿ ಮತ್ತು ಕಾರ್ಖಾನೆಯ ಬಾಡಿಗೆಯಲ್ಲಿ. ತನ್ನದೇ ವಠಾರದ ಮನೆಯಲ್ಲಿ ಮೆಷಿನ್ ಹಾಕಿದರೆ ಕಾರ್ಖಾನೆಯ ಬಾಡಿಗೆಯೇ ಇಲ್ಲ. ಮುಂದಿನ ಕೋಣೆಯ ಬೆಳಕಿನಲ್ಲಿ ಹೊಲಿಯುವವರು, ಅಡುಗೆಮನೆಯ ಒಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಕಾಯಿಸುವವನು, ಅದೇ ಒಲೆಯಲ್ಲಿ ಅವನ ಪಕ್ಕ ಸಾರು ಕುದಿಸುವವಳು. ಬೇಸಿಗೆಯಲ್ಲೂ ಒಲೆ ಆರಿಸುವಂತಿಲ್ಲ. ಮೆಷಿನ್ ಇಲ್ಲದವರಿಗೆ ಕೈಕೆಲಸ. ಇಟಾಲಿಯನ್ ಮನೆಗಳಲ್ಲಿ ಅಜ್ಜಿಯಿಂದ ಹಿಡಿದು ನಾಲ್ಕೈದು ವರ್ಷದ ಮಗುವಿನವರೆಗೆ ಮೇಜಿನ ಸುತ್ತ ಕೂತು ಕಾಗದದ ಹೂವು ಮಾಡುತ್ತಿದ್ದರು, ಬಾದಾಮಿ-ಆಕ್ರೋಟು ಒಡೆದು ತಿರುಳು ಬಿಡಿಸುತ್ತಿದ್ದರು, ಪ್ಯಾಂಟಿನ ಅಂಚು ಹೊಲಿಯುತ್ತಿದ್ದರು. ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕ 1908ರ ನಂತರ ಇಂಥ ಮೇಜುಗಳ ಚಿತ್ರ ತೆಗೆದು, ಮಕ್ಕಳ ದುಡಿಮೆಯ ವಿರುದ್ಧದ ಹೋರಾಟಕ್ಕೆ ಸಾಕ್ಷಿ ಒದಗಿಸಿದ. ಅವನಿಗಿಂತ ಮುಂಚೆ, 1890ರ ಹೊತ್ತಿಗೇ, ಜೇಕಬ್ ರೀಸ್ ಎಂಬ ಪತ್ರಕರ್ತ ಮೆಗ್ನೀಸಿಯಂ ಪುಡಿ ಉರಿಸಿ ಕತ್ತಲೆ ಕೋಣೆಗಳ ಫೋಟೋ ತೆಗೆದಿದ್ದ. ರೀಸ್‌ನ ಚಿತ್ರಗಳಿಂದ ಊರು ಎಚ್ಚೆತ್ತಿತು. ಆದರೆ ಅವನ ಬರಹದಲ್ಲಿ ಯಹೂದಿ, ಇಟಾಲಿಯನ್, ಚೀನೀ ಜನರ ಬಗ್ಗೆ ಕೀಳು ಮಾತುಗಳು ಬೇಕಾದಷ್ಟಿವೆ. ಚಿತ್ರವನ್ನು ನಂಬಿ, ಬರಹವನ್ನು ಹುಷಾರಾಗಿ ಓದಬೇಕು.

ಬೀದಿಯೂ ಮನೆಯ ಮುಂದುವರಿದ ಭಾಗ. ಅಂಗಡಿ ಬಾಡಿಗೆ ಕಟ್ಟಲಾಗದವನಿಗೆ ತಳ್ಳುಗಾಡಿ. ಗಾಡಿಯನ್ನೂ ದಿನ ಲೆಕ್ಕದಲ್ಲಿ ಬಾಡಿಗೆಗೆ ತರಬಹುದಿತ್ತು. ಹೆಸ್ಟರ್ ಬೀದಿಯಲ್ಲಿ, ಆರ್ಚರ್ಡ್ ಬೀದಿಯಲ್ಲಿ ಮೀನು, ಬಟನ್ನು, ಬಾಣಲೆ, ಹಳೇ ಕನ್ನಡಕ, ಏನು ಬೇಕಾದರೂ ಸಿಗುತ್ತಿತ್ತು. ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರದ ಸಬ್ಬತ್‌ಗೆ ಮುಂಚೆ, ಗುರುವಾರ ರಾತ್ರಿ ಮತ್ತು ಶುಕ್ರವಾರ, ಕಾಲಿಡಲು ಜಾಗ ಇರುತ್ತಿರಲಿಲ್ಲ. ಸೆಕೆಗಾಲದಲ್ಲಿ ಜನ ಮನೆಯಲ್ಲಿ ಮಲಗುತ್ತಲೇ ಇರಲಿಲ್ಲ, ತಾರಸಿಯ ಮೇಲೆ, ಬೆಂಕಿ ಬಿದ್ದಾಗ ಇಳಿದು ಪಾರಾಗಲು ಹೊರಗೋಡೆಗೆ ಹಾಕಿದ ಮೆಟ್ಟಿಲ ಕಬ್ಬಿಣದ ಜಾಲರಿಯ ಮೇಲೆ ಮಲಗುತ್ತಿದ್ದರು. 1896ರ ಆಗಸ್ಟ್‌ನ ಬಿಸಿಗಾಳಿಯಲ್ಲಿ ನಗರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ತಾರಸಿಯಿಂದ ನಿದ್ದೆಗಣ್ಣಲ್ಲಿ ಉರುಳಿ ಬಿದ್ದವರೂ ಇದ್ದರು.

ಇಷ್ಟು ಬಿಗಿಯಾದ ಲೆಕ್ಕದಲ್ಲಿ ಒಂದೇ ಒಂದು ಬೆಲೆ ಏರಿದರೂ ಸಂಸಾರದ ತಕ್ಕಡಿ ಮುಗ್ಗರಿಸುತ್ತಿತ್ತು. 1902ರ ಮೇ ತಿಂಗಳಲ್ಲಿ ಕೋಷರ್ ಮಾಂಸದ, ಅಂದರೆ ಯಹೂದಿ ಧರ್ಮದ ನಿಯಮದಂತೆ ಕೊಯ್ದ ಮಾಂಸದ, ಬೆಲೆ ಪೌಂಡಿಗೆ 12 ಸೆಂಟ್‌ನಿಂದ 18 ಸೆಂಟ್‌ಗೆ ಹಾರಿತು. ಫ್ಯಾನಿ ಲೆವಿ, ಸಾರಾ ಎಡೆಲ್ಸನ್ ಎಂಬ ಗೃಹಿಣಿಯರು ಮನೆ ಮನೆಗೆ ಹೋಗಿ ಯಾರೂ ಮಾಂಸ ಕೊಳ್ಳಬಾರದು ಅಂತ ಒಪ್ಪಿಸಿದರು. ಮೇ 15ರಂದು ಸಾವಿರಾರು ಹೆಂಗಸರು ಬೀದಿಗಿಳಿದರು. ಅಂಗಡಿಗಳಿಗೆ ನುಗ್ಗಿ ಮಾಂಸ ಹೊರಗೆಸೆದು ಸೀಮೆಎಣ್ಣೆ ಸುರಿದರು. ಪೊಲೀಸರು ಲಾಠಿ ಬೀಸಿದರು, ಹತ್ತಾರು ಹೆಂಗಸರನ್ನು ಹಿಡಿದುಕೊಂಡು ಹೋದರು. ಆದರೂ ಬಹಿಷ್ಕಾರ ನಿಲ್ಲಲಿಲ್ಲ. ಸಬ್ಬತ್ ದಿನ ಪ್ರಾರ್ಥನಾ ಮಂದಿರಗಳಿಗೇ ಹೋಗಿ ಗಂಡಸರ ಬೆಂಬಲ ಕೇಳಿದರು. ಜೂನ್ ಹೊತ್ತಿಗೆ ಬೆಲೆ 14 ಸೆಂಟ್‌ಗೆ ಇಳಿಯಿತು.

ಇದೇ ಬೀದಿಗಳಲ್ಲಿ, ಇದೇ ದಾರಿಯಲ್ಲಿ, ಬಾಡಿಗೆಯ ಮೇಲೂ ಹೋರಾಟವಾಯಿತು. 1907ರ ಕೊನೆಯಲ್ಲಿ ಪೌಲಿನ್ ನ್ಯೂಮನ್ ಎಂಬ ಎಳೆಯ ಕಾರ್ಖಾನೆ ಕೆಲಸಗಾರ್ತಿಯ ಮುಂದಾಳತ್ವದಲ್ಲಿ ಸುಮಾರು 10,000 ಕುಟುಂಬಗಳು ಬಾಡಿಗೆ ಕಟ್ಟುವುದಿಲ್ಲ ಅಂತ ಕೂತವು. ಹಗಲು ಹುಡುಗಿಯರು ಕಾರ್ಖಾನೆಯಲ್ಲಿ ಇರುವುದರಿಂದ, ವಠಾರದಿಂದ ವಠಾರಕ್ಕೆ ಸುದ್ದಿ ಮುಟ್ಟಿಸಿದವರು ಮನೆಯಲ್ಲಿದ್ದ ಹೆಂಗಸರು. ಸುಮಾರು 2,000 ಮನೆಗಳಿಗೆ ಬಾಡಿಗೆ ಇಳಿಯಿತು.

ಇಷ್ಟು ಹೊತ್ತಿಗೆ ಹೊಲಿಗೆ ಕೆಲಸ ವಠಾರದಿಂದ ದೊಡ್ಡ ಕಟ್ಟಡಗಳಿಗೆ ಸರಿಯುತ್ತಿತ್ತು. ಅಲ್ಲಿ ನೂರಾರು ಹುಡುಗಿಯರು ಒಟ್ಟಿಗೆ ಕೂರುತ್ತಿದ್ದರು, ಹಾಗಾಗಿ ಒಟ್ಟಿಗೆ ಏಳುವುದೂ ಸಾಧ್ಯವಾಯಿತು. 1909ರ ನವೆಂಬರ್ 22ರಂದು ಕೂಪರ್ ಯೂನಿಯನ್ ಸಭಾಂಗಣದಲ್ಲಿ ದೊಡ್ಡ ದೊಡ್ಡ ನಾಯಕರ ಭಾಷಣ ಗಂಟೆಗಟ್ಟಲೆ ನಡೆಯುತ್ತಿತ್ತು. ಕ್ಲಾರಾ ಲೆಮ್ಲಿಚ್ ಎಂಬ ಯುವತಿ ಎದ್ದು ವೇದಿಕೆಗೆ ಹೋಗಿ, ಮಾತು ಸಾಕು, ಮುಷ್ಕರಕ್ಕೆ ತೀರ್ಮಾನ ಆಗಲಿ ಅಂತ ಯಿಡ್ಡಿಷ್‌ನಲ್ಲಿ ಹೇಳಿದಳು. ಸಭೆ ಒಪ್ಪಿತು. ಇಪ್ಪತ್ತು ಸಾವಿರ ಜನ, ಹೆಚ್ಚಿನವರು ಎಳೆ ಹುಡುಗಿಯರು, ಚಳಿಗಾಲವಿಡೀ ಮುಷ್ಕರ ನಡೆಸಿದರು. ಹಲವು ಕಂಪನಿಗಳು ಕೂಲಿ ಮತ್ತು ಕೆಲಸದ ಅವಧಿಯ ವಿಷಯದಲ್ಲಿ ಮಣಿದವು. ಟ್ರಯಾಂಗಲ್ ಎಂಬ ಬ್ಲೌಸ್ ಕಂಪನಿ ಯೂನಿಯನ್ ಅನ್ನು ಒಪ್ಪಲಿಲ್ಲ.

1911ರ ಮಾರ್ಚ್ 25, ಶನಿವಾರ. ಸಬ್ಬತ್ ದಿನ ಕೆಲಸ ಮಾಡಬಾರದು ಎನ್ನುವ ಮನೆಗಳ ಹುಡುಗಿಯರೂ ಅವತ್ತು ಟ್ರಯಾಂಗಲ್‌ನಲ್ಲಿ ಕೂತಿದ್ದರು, ಬೇರೆ ದಾರಿ ಇರಲಿಲ್ಲ. ಸಂಜೆ 4:40ರ ಹೊತ್ತಿಗೆ, ಕೆಲಸ ಬಿಡುವ ಸಮಯಕ್ಕೆ ಸರಿಯಾಗಿ, ಎಂಟನೇ ಮಹಡಿಯಲ್ಲಿ ಬಟ್ಟೆ ಚೂರುಗಳಿಗೆ ಬೆಂಕಿ ಹತ್ತಿತು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲು ಭಾರ ತಾಳದೆ ಕುಸಿಯಿತು. ಅಗ್ನಿಶಾಮಕರ ಏಣಿ ಆರನೇ ಮಹಡಿಗೆ ಮಾತ್ರ ಮುಟ್ಟುತ್ತಿತ್ತು. 146 ಜನ ಸತ್ತರು. ಅವರಲ್ಲಿ 123 ಹೆಂಗಸರು, ಅತಿ ಚಿಕ್ಕವರಿಗೆ 14 ವರ್ಷ. ಬಹುತೇಕ ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು, ತುಂಬ ಜನ ನಡೆದು ಹೋಗುವಷ್ಟು ದೂರದ ಇದೇ ಕೇರಿಗಳವರು. ವಾರಕ್ಕೆ ಆರೇಳು ಡಾಲರ್ ತಂದು ಅಮ್ಮನ ಕೈಗೆ ಕೊಡುತ್ತಿದ್ದವರು. ಕಂಪನಿಯ ಇಬ್ಬರು ಮಾಲೀಕರೂ ವಲಸೆ ಬಂದು ಬೆಳೆದವರೇ. ಡಿಸೆಂಬರ್‌ನಲ್ಲಿ ಅವರು ಖುಲಾಸೆಯಾದರು. ಆದರೆ ನ್ಯೂಯಾರ್ಕ್ ರಾಜ್ಯ ಒಂದು ತನಿಖಾ ಆಯೋಗ ಮಾಡಿತು, ಮುಂದಿನ ಕೆಲವೇ ವರ್ಷಗಳಲ್ಲಿ ಬಾಗಿಲು, ಮೆಟ್ಟಿಲು, ಬೆಂಕಿ ನಂದಿಸುವ ವ್ಯವಸ್ಥೆ, ಕೆಲಸದ ಗಂಟೆಗಳ ಬಗ್ಗೆ ಹತ್ತಾರು ಕಾನೂನು ಬಂದವು. ಅವತ್ತು ಬೀದಿಯಲ್ಲಿ ನಿಂತು ಹುಡುಗಿಯರು ಕಿಟಕಿಯಿಂದ ಹಾರುವುದನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್, 1933ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಸಚಿವೆಯಾದರು.

ಕಷ್ಟದ ಕಾಲಕ್ಕೆ ಸರ್ಕಾರದ ಆಸರೆ ಅನ್ನುವುದು ಆಗ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ಜನರೇ ಏರ್ಪಾಡು ಮಾಡಿಕೊಂಡರು. ರಷ್ಯಾ, ಪೋಲೆಂಡ್ ಕಡೆಯ ಒಂದೊಂದು ಊರಿನವರೂ ತಮ್ಮೂರಿನ ಹೆಸರಲ್ಲಿ ಸಂಘ ಕಟ್ಟಿದರು. ವಾರಕ್ಕೋ ತಿಂಗಳಿಗೋ ಸ್ವಲ್ಪ ಚಂದಾ ಕೊಟ್ಟರೆ, ಕಾಯಿಲೆ ಬಿದ್ದಾಗ ಒಂದಿಷ್ಟು ದುಡ್ಡು, ಸಂಘದ ಡಾಕ್ಟರು, ಸತ್ತರೆ ಸಂಘ ಕೊಂಡಿಟ್ಟ ಸ್ಮಶಾನದಲ್ಲಿ ಜಾಗ. ನಮ್ಮ ಕರಾವಳಿಯಿಂದ ಮುಂಬೈಗೆ ಹೋದವರು ಸಂಘ, ರಾತ್ರಿ ಶಾಲೆ ಕಟ್ಟಿಕೊಂಡದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ, ಇಂಥದೇ ಅಗತ್ಯಕ್ಕೆ. ಇಟಾಲಿಯನ್ನರಲ್ಲಿ ಒಂದು ಊರಿನವರು ಒಂದೇ ಬೀದಿಯಲ್ಲಿ ನೆಲೆಸುವುದು ಸಾಮಾನ್ಯವಾಗಿತ್ತು. ಸಿಸಿಲಿಯವರಿಗೆ ಎಲಿಜಬೆತ್ ಬೀದಿ. ಅವರ ಕಿರಾಣಿ ಅಂಗಡಿಯವನೇ ಬ್ಯಾಂಕು, ಹಡಗಿನ ಟಿಕೆಟ್ ಏಜೆಂಟು, ಕಾಗದ ಬರೆದುಕೊಡುವವನು. ಇಟಾಲಿಯನ್ ಗಂಡಸರಲ್ಲಿ ಎಷ್ಟೋ ಜನ ನಾಲ್ಕು ಕಾಸು ಕೂಡಿಟ್ಟು ವಾಪಸ್ ಹೋಗಲೆಂದೇ ಬಂದವರು, ಹೋದವರೂ ತುಂಬ. ಚೀನಿಯರ ಕಥೆ ಬೇರೆ. 1882ರ ಕಾನೂನು ಚೀನೀ ಕೂಲಿಗಾರರು ಬರುವುದನ್ನೇ ನಿಷೇಧಿಸಿತ್ತು. ಹೆಂಡತಿಯನ್ನು ಕರೆತರುವುದೂ ಕಷ್ಟ. ಹಾಗಾಗಿ ಅವರದು ಬಹುಪಾಲು ಗಂಡಸರೇ ಇದ್ದ ಕೇರಿ, ದೋಬಿ ಅಂಗಡಿಗಳ ದುಡಿಮೆ.

ಯಹೂದಿಗಳ ಕೇರಿಯನ್ನು ಒಟ್ಟಿಗೆ ಹಿಡಿದಿಟ್ಟದ್ದು ಪತ್ರಿಕೆ. 1897ರಲ್ಲಿ ಶುರುವಾದ ಯಿಡ್ಡಿಷ್ ಪತ್ರಿಕೆ ‘ಫೋರ್ವರ್ಟ್ಸ್’ 1906ರಿಂದ ಓದುಗರ ಪತ್ರಗಳಿಗೆ ಉತ್ತರ ಕೊಡಲು ಶುರುಮಾಡಿತು. ಸಂಪಾದಕ ಅಬ್ರಹಾಂ ಕಹಾನ್ ಅದನ್ನು ತುಂಬ ಅಕ್ಕರೆಯಿಂದ ನಡೆಸಿದರು. ಮಗಳನ್ನು ರಾತ್ರಿ ಶಾಲೆಗೆ ಕಳಿಸಲೇ? ಬೇರೆ ಧರ್ಮದ ಹುಡುಗನನ್ನು ಮದುವೆಯಾಗಲೇ? ಊರಲ್ಲಿ ಬಿಟ್ಟು ಬಂದ ಹೆಂಡತಿಯನ್ನು ಕರೆಸಿಕೊಳ್ಳಲೇ? ಸಂಸಾರ ಬಿಟ್ಟು ಓಡಿಹೋದ ಗಂಡಂದಿರ ಫೋಟೋಗಳನ್ನೂ ಪತ್ರಿಕೆ ಸಾಲಾಗಿ ಅಚ್ಚು ಹಾಕುತ್ತಿತ್ತು, ಕಂಡವರು ತಿಳಿಸಲಿ ಅಂತ. ಬೋರ್ಡರ್ ಬಂದು ತುಂಬಿದ ಮನೆ, ಖಾಲಿ ಸೀಸನ್ನಿನ ಜಗಳ, ಎರಡು ದೇಶಗಳ ನಡುವೆ ಹರಿದುಹೋದ ಮದುವೆ, ಎಲ್ಲ ಆ ಪುಟಗಳಲ್ಲಿ ಸಿಗುತ್ತದೆ.

ಆರೋಗ್ಯದ ವಿಷಯದಲ್ಲಿ ಕೇರಿಗೆ ಹೊರಗಿನವರ ನೆರವೂ ಬಂತು. ಲಿಲಿಯನ್ ವಾಲ್ಡ್ ಎಂಬ ನರ್ಸ್ 1893ರಲ್ಲಿ ಇಲ್ಲೇ ಮನೆ ಮಾಡಿಕೊಂಡು, ಮುಂದೆ ಹೆನ್ರಿ ಬೀದಿಯಲ್ಲಿ ಕೇಂದ್ರ ಕಟ್ಟಿ, ಮಹಡಿ ಮಹಡಿ ಹತ್ತಿ ರೋಗಿಗಳನ್ನು ನೋಡುವ ನರ್ಸ್‌ಗಳ ಪಡೆ ಬೆಳೆಸಿದರು. ಅದೇ ವರ್ಷ ನೇಥನ್ ಸ್ಟ್ರಾಸ್ ಎಂಬ ವ್ಯಾಪಾರಿ ಕಾಯಿಸಿ ಶುದ್ಧ ಮಾಡಿದ ಹಾಲನ್ನು ಬಡವರಿಗೆ ಕಡಿಮೆ ಬೆಲೆಗೆ ಕೊಡುವ ಅಂಗಡಿ ತೆರೆದರು. ಕೆಟ್ಟ ಹಾಲು ಕುಡಿದು ಕೂಸುಗಳು ಸಾಯುತ್ತಿದ್ದ ಕಾಲ ಅದು. ಕ್ಷಯ ಮಾತ್ರ ಬೇಗ ಬಗ್ಗಲಿಲ್ಲ. ಗಾಳಿಯಿಲ್ಲದ ಒಳಕೋಣೆ, ಬಟ್ಟೆಯ ಧೂಳು, ಅದರಲ್ಲೇ ಹದಿನಾಲ್ಕು ಗಂಟೆ ಕೆಲಸ. ಅದನ್ನು ದರ್ಜಿಗಳ ರೋಗ ಅಂತಲೇ ಕರೆಯುತ್ತಿದ್ದರು.

ಜನ ಹೊರಟದ್ದೂ ಬಾಡಿಗೆಯ ಲೆಕ್ಕದಿಂದಲೇ. 1903ರಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆ, 1904ರಲ್ಲಿ ಸಬ್‌ವೇ. ಐದು ಸೆಂಟ್ ಕೊಟ್ಟರೆ ಬ್ರೂಕ್ಲಿನ್‌ನಿಂದಲೋ ಬ್ರಾಂಕ್ಸ್‌ನಿಂದಲೋ ಕೆಲಸಕ್ಕೆ ಬರಬಹುದು ಅಂತಾದ ಮೇಲೆ, ಬೆಳಕು ಇರುವ ಮನೆ ಕೈಗೆಟುಕಿತು. 1910ರ ನಂತರ ಕೇರಿಯ ಜನಸಂಖ್ಯೆ ಇಳಿಯತೊಡಗಿತು. ಹೋದವರ ಜಾಗಕ್ಕೆ ಹೊಸಬರು ಬರುವುದು ಮಾಮೂಲಾಗಿತ್ತು, ಆದರೆ ಆ ದಾರಿಯನ್ನು ಕಾನೂನು ಮುಚ್ಚಿತು. 1924ರ ಕಾನೂನು ಯುರೋಪಿನ ಪ್ರತಿ ದೇಶಕ್ಕೂ ಒಂದು ಕೋಟಾ ಇಟ್ಟಿತು. ಅದರ ಲೆಕ್ಕ ಹಾಕಲು ಬೇಕೆಂದೇ 1890ರ ಜನಗಣತಿಯನ್ನು ಆರಿಸಿಕೊಂಡರು, ಅಂದರೆ ಇಟಾಲಿಯನ್ನರು, ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬರುವ ಮುಂಚಿನ ಲೆಕ್ಕ. 1914ರಲ್ಲಿ ಇಟಲಿಯಿಂದ ಎರಡೂ ಮುಕ್ಕಾಲು ಲಕ್ಷಕ್ಕಿಂತ ಜಾಸ್ತಿ ಜನ ಬಂದಿದ್ದರು. ಹೊಸ ಕೋಟಾ ವರ್ಷಕ್ಕೆ 3,845.

ಭಾರತೀಯರಿಗೆ ಬಾಗಿಲು ಅದಕ್ಕೂ ಮೊದಲೇ, 1917ರ ಕಾನೂನಿನಲ್ಲೇ ಮುಚ್ಚಿತ್ತು. 1946ರಲ್ಲಿ ವರ್ಷಕ್ಕೆ ನೂರು ಜನರಿಗೆ ಅಂತ ಒಂದು ಕಿಂಡಿ ತೆರೆದರು. ದೇಶವಾರು ಕೋಟಾ ಪದ್ಧತಿ ಹೋದದ್ದು 1965ರಲ್ಲಿ. ಇವತ್ತು ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಹೆಚ್ಚಿನವು ಆ ತಿದ್ದುಪಡಿಯ ನಂತರ ಹೋದವರದ್ದು.